ಪಗಾರ ಕೈಯಾಗ ಕೊಡ್ರಿ

ಔರಾದ
೬ ಜನವರಿ ೨೦೨೫

ಮೌಶಿಗೆ ಮಹಾಮಾಯಾಳ ಜೈಭೀಮ್.

ನೀನು ಅವ್ವನ ಬೆನ್ನಿಗೆ ಬಿದ್ದ ತಂಗಿ. ಅವ್ವ ಹೋದ ಮೇಲೆ ನನ್ನನ್ನು ಬೈಯುವ ಹಕ್ಕಿರುವವಳು ನೀನೊಬ್ಬಳೇ. ಇವತ್ತು ಮಾತ್ರ ಆ ಹಕ್ಕನ್ನು ಸ್ವಲ್ಪ ನನಗೆ ಕೊಡು, ಏಕೆಂದರೆ ಬೈಸಿಕೊಳ್ಳುವ ಕೆಲಸ ಮಾಡುತ್ತಿರುವವಳು ನೀನು.

ಮೊನ್ನೆ ಮೀಟಿಂಗಿಗೆಂದು ಬೀದರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ಬೇಳೆ ಹಸನು ಮಾಡುವ ಜಾಹೇದಾ ಸಿಕ್ಕಳು. ಮೈಲೂರಿನ ಮಗಳ ಮನೆಗೆ ಬಂದಿದ್ದಳಂತೆ. ಫೆಬ್ರುವರಿಯಿಂದ ನಿಮ್ಮ ಬೇಳೆ ಮಿಲ್ಲಿನಲ್ಲಿ ಪಗಾರ ಕೈಗೆ ಕೊಡುವುದಿಲ್ಲ, ಬ್ಯಾಂಕ್ ಖಾತೆಗೇ ಹಾಕುತ್ತಾರೆ, ಖಾತೆ ಇಲ್ಲದವರಿಗೆ ಕೆಲಸವೂ ಇಲ್ಲ ಎಂದು ಅವಳೇ ಹೇಳಿದ್ದು. ಎಲ್ಲ ಹೆಂಗಸರೂ ಪಾಸ್‌ಬುಕ್ಕಿನ ಝೆರಾಕ್ಸ್ ಕೊಟ್ಟಾಗಿದೆಯಂತೆ, ಕೊಡದವಳು ಕಾಂತಾಬಾಯಿ ಒಬ್ಬಳೇ. "ನಿಮ್ಮ ಮೌಶಿಗಿ ನೀವರ ಹೇಳ್ರಿ ಬಾಯಿ, ಆಕಿ ನಮ್ಮ ಮಾತ ಕೇಳಲ್ಲ" ಎಂದಳು.

ಮೌಶಿ, ನಾನು ಮಾಡುವ ನೌಕರಿ ಏನೆಂದು ನಿನಗೆ ನೆನಪಿದೆಯಲ್ಲ? ಬ್ಯಾಂಕ್ ಮಿತ್ರ. ಬ್ಯಾಗಿನಲ್ಲಿ ಮಷಿನ್ ಇಟ್ಟುಕೊಂಡು ಔರಾದಿನ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಖಾತೆ ತೆಗೆಸುವವಳು. ಹಾಸಿಗೆ ಹಿಡಿದ ಮುದುಕಿಯರ ಹೆಬ್ಬೆಟ್ಟನ್ನೂ ಬಿಟ್ಟಿಲ್ಲ. ಮೀಟಿಂಗಿನಲ್ಲಿ ನಮ್ಮ ಮೇಲಿನವರು "ಮೊದಲ ನಿಮ್ಮ ಮನಿತನದಾಗ ಎಲ್ಲರದೂ ಆಗ್ಯಾದೇನ್ರಿ?" ಎಂದು ಕೇಳಿದಾಗ ಎಲ್ಲರಿಗಿಂತ ಮುಂಚೆ ಕೈ ಎತ್ತಿದವಳು ನಾನು. ಆ ಕೈ ಇನ್ನೂ ನೋಯುತ್ತಿದೆ.

ನೀನು ವಿಧವಾ ಪಿಂಚಣಿ ಬಿಟ್ಟೆ. ಸರ್ಕಾರ ತಿಂಗಳಿಗೆ ಕೊಡುವ ಎರಡು ಸಾವಿರ ಬಿಟ್ಟೆ. ಈಗ ಕೆಲಸವನ್ನೂ ಬಿಡುತ್ತೀಯಾ? ಒಂದು ಭಾನುವಾರ ಆಧಾರ ಕಾರ್ಡ್ ತೆಗೆದುಕೊಂಡು ಬಾ. ಚಹಾ ಕುದಿಯುವುದರೊಳಗೆ ನಿನ್ನ ಖಾತೆ ಆಗಿರುತ್ತದೆ. ಪಕ್ಕದ ಮನೆಯ ವಜೀರಬೀಯ ಫೋನಿಗೆ ಮಾಡಿ ಹೇಳೋಣವೆಂದರೆ ನಿಮ್ಮ ಓಣಿಯ ಅರ್ಧ ಮಂದಿ ಕಿವಿ ಕೊಟ್ಟು ನಿಂತಿರುತ್ತಾರೆ, ನೀನು "ಹೂಂ ಹೂಂ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ, ಅದೂ ಮಿಲ್ಲಿನ ವಿಳಾಸಕ್ಕೆ. ಬಂದರೆ ಈ ಸಲ ನಿನಗೆ ಇಳಕಲ್ ಸೀರೆ ಗ್ಯಾರಂಟಿ.

ನಿನ್ನ
ಮಹಾಮಾಯಾ


ಭಾಲ್ಕಿ
೧೫ ಜನವರಿ ೨೦೨೫

ಮಗಳೇ ಮಹಾಮಾಯಾ,

ನಿನ್ನ ಬೈಗುಳ ಮುಟ್ಟಿತು. ಪೋಸ್ಟಿನವನು ಮಿಲ್ಲಿನ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಾಗ ಎಲ್ಲರೂ ಬೇಳೆ ಬಿಟ್ಟು ನನ್ನ ಮುಖ ನೋಡಿದರು. ಕೋರ್ಟಿನ ನೋಟಿಸು ಬಂತು ಎಂದುಕೊಂಡಿರಬೇಕು. ಓದಿ ನಕ್ಕ ಮೇಲೆ ಅವರಿಗೂ ಸಮಾಧಾನವಾಯಿತು.

ಇಳಕಲ್ ಸೀರೆಯ ಮಾತು ಬೇಡ. ನಿನಗೆ ನೌಕರಿ ಸಿಕ್ಕಾಗಿನಿಂದ ಆ ಸೀರೆ ದಾರಿಯಲ್ಲಿದೆ. ಔರಾದಿನಿಂದ ನಡೆದುಕೊಂಡು ಬಂದಿದ್ದರೂ ಇಷ್ಟು ಹೊತ್ತಿಗೆ ಭಾಲ್ಕಿ ಮುಟ್ಟಬೇಕಿತ್ತು. ಬಸ್ಸು ಹೆಂಗಸರಿಗೆ ಫ್ರೀ ಇದೆ, ಆದರೂ ನೀನು ಬರುವುದಿಲ್ಲ. ಸಂಬಳದವಳು ನೀನು, ನಮ್ಮಂಥವರ ಮನೆಗೆ ಏಕೆ ಬರುತ್ತೀ ಬಿಡು.

ಜಾಹೇದಾ ಹೇಳಿದ್ದು ಖರೆ. ಹೊಸ ವರ್ಷದ ಮೊದಲ ದಿನವೇ ಮಾಲೀಕರು ಮಲ್ಲಿಕಾರ್ಜುನಪ್ಪನವರು ನಮ್ಮನ್ನೆಲ್ಲ ಅಂಗಳದಲ್ಲಿ ಕೂಡಿಸಿದರು. ಪಕ್ಕದಲ್ಲಿ ಅವರ ಮಗ ಅಮಿತಕುಮಾರ. ಆಫೀಸು ಈಗ ಅವನ ಕೈಯಲ್ಲಿದೆ. ಸಾವಕಾರರೇ ಶುರು ಮಾಡಿದರು.

"ಮುಂದಿನ ತಿಂಗಳಿಂದ ಪಗಾರ ಖಾತಿಗೇ ಬೀಳ್ತದ ನೋಡ್ರಿ. ನಗದ ಕೊಡಬ್ಯಾಡ್ರಿ ಅಂತ ಆಡಿಟರ್ ಹೇಳ್ಯಾನ. ಖಾತಿ ಇಲ್ಲದವ್ರು ತಗಸ್ರಿ, ಇಲ್ಲಾಂದ್ರ ಮಿಲ್ಲಿಗಿ ಬರೂದು ಬ್ಯಾಡ."

"ನನಗ ಖಾತಿ ಇಲ್ಲರಿ ಸಾವಕಾರ್ರ."

"ತಗಸು."

"ತಗಸಲ್ಲರಿ. ಪಗಾರ ಕೈಯಾಗ ಕೊಡ್ರಿ."

"ಈಗಿನ ಕಾಲದಾಗ ಕೈಯಾಗ ಯಾರು ಕೊಡ್ತಾರವ್ವಾ?"

"ದುಡಿಯೂದು ಕೈಲೇ ಅಲ್ಲೇನ್ರಿ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಮಿತಕುಮಾರನಿಗೆ ಸಿಟ್ಟು ಬಂತು. ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾನೆ. ಕೊಡಲಿ. ಗಂಡ ಸತ್ತ ವರ್ಷದಿಂದ ಈ ಮಿಲ್ಲಿನ ಅಂಗಳದಲ್ಲಿ ಕೂತಿದ್ದೇನೆ. ನನ್ನ ರೊಟ್ಟಿ, ನನ್ನ ಬಾಡಿಗೆ, ನನ್ನ ಮಾತು, ಎಲ್ಲ ಈ ಅಂಗಳದ್ದೇ. ಇದನ್ನು ಬಿಟ್ಟರೆ ನಾನು ಗಂಡನ ಅಣ್ಣ ಗೋರಖನಾಥ ಭಾವನ ಮನೆಯ ಮೂಲೆಯಲ್ಲಿ ಹೋಗಿ ಬೀಳಬೇಕು. ಅದು ಆಗುವುದಿಲ್ಲ. ಕೆಲಸವನ್ನೂ ಬಿಡುವುದಿಲ್ಲ, ಖಾತೆಯನ್ನೂ ತೆಗೆಸುವುದಿಲ್ಲ.

ಖಾತೆ ಇಲ್ಲದೆ ಬದುಕುವುದು ಸುಲಭವೆಂದು ನಾನು ಹೇಳುವುದಿಲ್ಲ. ಕರೆಂಟ್ ಬಿಲ್ಲು ಕಟ್ಟಲು ವಜೀರಬೀಯ ಮಗನ ಕೈಕಾಲು ಹಿಡಿಯಬೇಕು. ಹಾಲಿನವನು, ತರಕಾರಿಯವನು, ಎಲ್ಲರೂ ಆ ಚೌಕಾಕಾರದ ಚಿತ್ರ ಅಂಟಿಸಿಕೊಂಡು ಕೂತಿದ್ದಾರೆ, ನೋಟು ತೋರಿಸಿದರೆ ಮುಖ ಹುಳ್ಳಗೆ ಮಾಡುತ್ತಾರೆ. ನಮ್ಮ ಓಣಿಯ ಕಿರಾಣಿಯವನಂತೂ ಚಿಲ್ಲರೆ ಇಲ್ಲವೆಂದು ಪ್ರತಿ ಸಲ ಟಾಫಿ ಕೊಡುತ್ತಿದ್ದ. ನಾನೂ ಸುಮ್ಮನೆ ಒಂದು ಡಬ್ಬಿಯಲ್ಲಿ ಹಾಕಿಡುತ್ತ ಬಂದೆ. ಮೊನ್ನೆ ಸಕ್ಕರೆ ತೂಗಿಸಿಕೊಂಡು, ರೊಕ್ಕದ ಬದಲು ಡಬ್ಬಿಯನ್ನು ಅವನ ಮುಂದೆ ಬೋರಲು ಹಾಕಿದೆ. "ಇದೇನವ್ವಾ?" ಎಂದ. "ನೀ ಕೊಟ್ಟಾಗ ರೊಕ್ಕ, ನಾ ಕೊಟ್ಟಾಗ ಟಾಫಿ ಹ್ಯಾಂಗ ಆಯ್ತೋ?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆಯಾದರು. ಈಗ ನನಗೆ ಮಾತ್ರ ಹೇಗೋ ಚಿಲ್ಲರೆ ಸಿಗುತ್ತದೆ.

ಏಕೆ ಬೇಡ ಎಂದು ಮಾತ್ರ ಕೇಳಬೇಡ. ಬೇಡ ಅಂದರೆ ಬೇಡ.

ನಿನ್ನ ಮೌಶಿ
ಕಾಂತಾಬಾಯಿ


ಔರಾದ
೨೮ ಜನವರಿ ೨೦೨೫

ಮೌಶಿಗೆ,

ಟಾಫಿಯ ಕಥೆ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಕೆಲಸ ಹೋದ ಮೇಲೆ ಟಾಫಿ ತಿಂದು ಬದುಕುತ್ತೀಯಾ?

ನೀನು ಕೇಳಬೇಡ ಅಂದರೂ ಕಾರಣ ನನಗೆ ಗೊತ್ತು. ಹೆದರಿಕೆ. ಎಲ್ಲರಿಗೂ ಇರುತ್ತದೆ, ದಿನಾ ನೋಡುತ್ತೇನೆ. ಮಷಿನ್ ಮೇಲೆ ಬೆರಳಿಟ್ಟರೆ ಹೊಲ ಬರೆಸಿಕೊಳ್ಳುತ್ತಾರೆ ಅನ್ನುವವರಿದ್ದಾರೆ. ಬ್ಯಾಂಕು ಮುಳುಗುತ್ತದೆ ಅನ್ನುವವರಿದ್ದಾರೆ. ಏಳನೇ ಇಯತ್ತೆಯವರೆಗೆ ಓದಿದ ನೀನೂ ಅವರ ಸಾಲಿನಲ್ಲಿ ಕೂತರೆ ನಾನು ಯಾರಿಗೆ ಹೇಳಲಿ?

ಖಾತೆಯೆಂದರೆ ತಲೆನೋವಲ್ಲ. ನನ್ನನ್ನೇ ನೋಡು. ಮೂರು ವರ್ಷದಿಂದ ಸಂಬಳ ಖಾತೆಗೇ ಬೀಳುತ್ತದೆ. ಬ್ಯಾಂಕಿನ ವ್ಯವಹಾರವೆಲ್ಲ ನಮ್ಮ ಮನೆಯವರು ಅಶ್ವಜಿತ ಅವರೇ ನೋಡಿಕೊಳ್ಳುತ್ತಾರೆ. ಬಂತಾ ಹೋಯಿತಾ ಎಂದು ನಾನು ತಲೆ ಹಾಕುವುದೇ ಇಲ್ಲ. ನಿನಗೂ ಹಾಗೆ ಯಾರಾದರೂ ಮಾಡಿಕೊಡುತ್ತಾರೆ. ಗೋರಖನಾಥ ಕಾಕಾ ಇದ್ದಾರಲ್ಲ.

ಬರಲು ನನಗೆ ಮನಸ್ಸಿಲ್ಲ ಎಂದು ಬರೆದಿದ್ದೀ. ಹಾಗಲ್ಲ ಮೌಶಿ. ಬರುವುದೆಂದರೆ ಬರಿಗೈಯಲ್ಲಿ ಬರಲಾಗುತ್ತದೆಯೇ? ಈ ತಿಂಗಳು ಸ್ವಲ್ಪ ಬಿಗಿ ಇದೆ. ಮುಂದಿನ ತಿಂಗಳು ನೋಡುತ್ತೇನೆ.

ನಾಲ್ಕು ದಿನ ಉಳಿದಿದೆ. ಹಟ ಬಿಡು.

ಮಹಾಮಾಯಾ


ಭಾಲ್ಕಿ
೧೭ ಫೆಬ್ರುವರಿ ೨೦೨೫

ಮಹಾಮಾಯಾ,

ನಾಲ್ಕು ದಿನ ಮುಗಿದು ಎರಡು ವಾರವೇ ಆಯಿತು. ನಾನು ಇನ್ನೂ ಮಿಲ್ಲಿನಲ್ಲಿದ್ದೇನೆ, ಖಾತೆ ಇನ್ನೂ ಇಲ್ಲ. ಹೇಗೆಂದು ಕೇಳು.

ಫೆಬ್ರುವರಿಯ ಮೊದಲ ಶನಿವಾರ ಎಲ್ಲರ ವಾರದ ಪಗಾರವೂ ಖಾತೆಗೆ ಹೋಯಿತು. ಹೆಂಗಸರು ಬರಿಗೈ ಬೀಸುತ್ತ ಮನೆಗೆ ಹೊರಟರು. ನಾನು ಆಫೀಸಿನ ಬಾಗಿಲಿಗೆ ಹೋಗಿ ನಿಂತೆ. "ನಿಮ್ದು ಖಾತಿ ಇಲ್ಲ, ನಾ ಏನ್ ಮಾಡ್ಲಿ?" ಎಂದು ಅಮಿತಕುಮಾರ ಕಂಪ್ಯೂಟರಿನಿಂದ ಕಣ್ಣು ಎತ್ತಲಿಲ್ಲ. ನಾನು ಅಲ್ಲೇ ಕೂತೆ. ಅಷ್ಟರಲ್ಲಿ ಸಾವಕಾರರು ಶರಣರ ಪ್ರಾರ್ಥನೆ ಮುಗಿಸಿ ಹಣೆ ತುಂಬ ವಿಭೂತಿಯಲ್ಲಿ ಬಂದರು. ಅವರು ಕಾಯಕದ ಮೇಲೆ ಚೆನ್ನಾಗಿ ಮಾತಾಡುತ್ತಾರೆ. ನಾನೂ ಒಂದೆರಡು ಸಲ ಹಿಂದೆ ಕೂತು ಕೇಳಿದ್ದೇನೆ.

"ಇನ್ನೂ ಮನಿಗಿ ಹೋಗಿಲ್ಲೇನು ಕಾಂತಾಬಾಯಿ?"

"ಪಗಾರ ಇಲ್ದ ಹ್ಯಾಂಗ ಹೋಗ್ಲಿರಿ? ಕಾಯಕ ಮುಗದದ."

"ಆಡಿಟರ್ ನಗದ ಬ್ಯಾಡ ಅಂದಾನ ತಂಗಿ, ನನ್ನ ಕೈಯಾಗ ಏನದ?"

"ನಗದ ಬ್ಯಾಡ ಅಂದಾನ್ರಿ. ಬ್ಯಾಳಿ ಬ್ಯಾಡ ಅಂದಾನೇನ್ರಿ?"

"ಏನಂದಿ?"

"ಪಗಾರದಷ್ಟು ಬ್ಯಾಳಿ ತೂಗಿ ಕೊಡ್ರಿ. ನಮ್ಮ ಅಜ್ಜ ನಿಮ್ಮ ಅಜ್ಜರ ಹೊಲದಾಗ ಜ್ವಾಳಕ್ಕ ದುಡೀತಿದ್ದ. ನಾ ತೊಗರಿಗಿ ದುಡೀತೇನಿ."

ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ಚೀಲ ಹೊತ್ತು ಸಾಕಾಗಿ ತಾನೇ ದಾರಿಗೆ ಬರುತ್ತಾಳೆ ಎಂದುಕೊಂಡರೋ ಏನೋ, "ತೂಗಿ ಕೊಡೋ ಅಮಿತ" ಎಂದರು. ಅವನು ಒಡಕು ಬೇಳೆಯ ಚೀಲದ ಕಡೆಗೆ ಹೋದ. ನಾನು ಅಡ್ಡ ನಿಂತೆ. ನಾನು ಹಸನು ಮಾಡಿದ್ದು ಒಂದನೇ ನಂಬರ್ ಬೇಳೆ, ನನಗೆ ಕೊಡುವುದೂ ಒಂದನೇ ನಂಬರ್ ಆಗಬೇಕೆಂದೆ. ಕೊಟ್ಟ.

ಮರುದಿನ ಬಸ್ ಸ್ಟ್ಯಾಂಡಿನ ಎದುರು ಚಾದರ ಹಾಸಿ ಕೂತೆ. ಮಿಲ್ಲಿನವರು ತಮ್ಮ ಅಂಗಡಿಯಲ್ಲಿ ಮಾರುವುದಕ್ಕಿಂತ ಕಿಲೋಗೆ ಎರಡು ರೂಪಾಯಿ ಕಡಿಮೆ ಹೇಳಿದೆ. ಭಾತಂಬ್ರಾದ ಕಡೆ ಹೋಗುವವರು, ಖಾನಾವಳಿಯವರು, ಎಲ್ಲರೂ ಮುಗಿಬಿದ್ದರು. ಮಧ್ಯಾಹ್ನದ ಹೊತ್ತಿಗೆ ಚಾದರ ಝಾಡಿಸಿಕೊಂಡು ಎದ್ದೆ. ಒಬ್ಬನು ಫೋನ್ ಮುಂದೆ ಹಿಡಿದು "ಸ್ಕ್ಯಾನ್ ಎಲ್ಲದವ್ವಾ?" ಎಂದ. "ಇಲ್ಲೇ ಅದಲ್ಲಪ್ಪ" ಎಂದು ಅಂಗೈ ತೋರಿಸಿದೆ.

ಎರಡನೇ ವಾರ ಜಾಹೇದಾ ಬಂದು ನನ್ನ ಹಿಂದೆ ನಿಂತಳು. "ನನಗೂ ಬ್ಯಾಳೀನೇ ಕೊಡ್ರಿ." ಅವಳ ಹಿಂದೆ ಇನ್ನೂ ನಾಲ್ಕು ಜನ. ಖಾತೆ ಇದ್ದವರೇ! ಅಮಿತಕುಮಾರ ಬಾಯಿ ತೆರೆದು ನೋಡಿದ. ನಿನಗೂ ಆಶ್ಚರ್ಯವಾಗುತ್ತದೆ. ಜಾಹೇದಾಳ ಪಗಾರ ಬಿದ್ದ ಮೆಸೇಜು ಅವಳ ಮಗನ ಫೋನಿಗೆ ಹೋಗುತ್ತದೆ. ಅವಳು ಮಿಲ್ಲಿನಿಂದ ಮನೆ ಮುಟ್ಟುವುದರೊಳಗೆ ಅವನು ಅದಕ್ಕೆ ಖರ್ಚು ಹುಡುಕಿ ಇಟ್ಟಿರುತ್ತಾನೆ.

ಹೆದರಿಕೆ ಎಂದು ಬರೆದೆಯಲ್ಲ, ಆ ಮಾತು ನನಗೆ ನಾಟಿತು. ಈಗ ಹೇಳುತ್ತೇನೆ. ನನಗೂ ಖಾತೆ ಇತ್ತು. ನನ್ನ ಗಂಡ ತೀರಿಕೊಂಡ ವರ್ಷ ಪಿಂಚಣಿಗೆಂದು ತೆಗೆಸಿದ್ದೆ. ಕಿಟಕಿಯಲ್ಲಿ ಕೂತವನು "ಮನ್ಯಾಗ ಗಂಡಸರು ಯಾರದಾರ, ಅವರ ನಂಬರ್ ಹೇಳ್ರಿ" ಎಂದ. ಗೋರಖನಾಥ ಭಾವ ಪಕ್ಕದಲ್ಲೇ ನಿಂತಿದ್ದ, ತನ್ನ ನಂಬರ್ ಹೇಳಿದ. ಅಂದಿನಿಂದ ನನ್ನ ಹಣ ನನಗಿಂತ ಮುಂಚೆ ಅವನಿಗೆ ಗೊತ್ತು. ಪಿಂಚಣಿ ಬಿದ್ದ ದಿನ ಸಂಜೆಯೊಳಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಕದಿಯಲಿಲ್ಲ, ಬೈಯಲಿಲ್ಲ. ನಗುನಗುತ್ತ ಕೇಳುತ್ತಿದ್ದ, ನಾಲ್ಕು ಜನರ ಎದುರಿಗೆ, ಎಷ್ಟು ಬಿದ್ದಿದೆಯೋ ಅಷ್ಟೇ. ನನ್ನ ಹತ್ತಿರ ಇಲ್ಲ ಎಂದು ಹೇಳಲು ನನಗೆ ಬಾಯಿಯೇ ಇರಲಿಲ್ಲ. ಬಡವರಿಗೆ ಇರುವುದು ಅದೊಂದೇ ಮಾತು, ಅದನ್ನೂ ಆ ಮೆಸೇಜು ಕಸಿದುಕೊಂಡಿತ್ತು. ಒಂದು ದಿನ ಬ್ಯಾಂಕಿಗೆ ಹೋಗಿ ಖಾತೆ ಬಂದ್ ಮಾಡಿಸಿದೆ. ಪಿಂಚಣಿಯೂ ಹೋಯಿತು. ಹೋಗಲಿ. ಅಂದು ರಾತ್ರಿ ನಾನು ನೆಮ್ಮದಿಯಾಗಿ ಊಟ ಮಾಡಿದೆ.

ನನಗೆ ಮಷಿನ್ ಹೆದರಿಕೆ ಇಲ್ಲ ಮಗಳೇ. ನನ್ನ ದುಡಿಮೆಯ ಸುದ್ದಿ ಇನ್ನೊಬ್ಬನ ಕಿಸೆಯಲ್ಲಿ ಗುಣುಗುಟ್ಟುವುದು ನನಗೆ ಆಗುವುದಿಲ್ಲ.

ಕಾಂತಾಬಾಯಿ


ಭಾಲ್ಕಿ
೨೩ ಮಾರ್ಚ್ ೨೦೨೫

ಮಹಾಮಾಯಾ,

ತಿಂಗಳ ಮೇಲಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನನ್ನ ಮಾತು ಖಾರವಾಯಿತೇ? ನೌಕರಿ ಇದ್ದವರಿಗೆ ಬೇಗ ಸಿಟ್ಟು ಬರುತ್ತದೆ. ಬರಲಿ ಬಿಡು, ನಾನು ತಪ್ಪಾಯಿತು ಎನ್ನುವವಳಲ್ಲ. ಆದರೆ ಚೆನ್ನಾಗಿದ್ದೀ ಎಂದು ಒಂದು ಕಾರ್ಡು ಬರೆದರೆ ನಿನ್ನ ಗಂಟೇನು ಹೋಗುತ್ತದೆ?

ಇಲ್ಲಿ ತಮಾಷೆ ನಡೆದಿದೆ. ಈಗ ಶನಿವಾರ ಶನಿವಾರ ಮಿಲ್ಲಿನ ಬಾಗಿಲಿನಿಂದ ಹದಿನೈದು ಹೆಂಗಸರು ತಲೆಯ ಮೇಲೆ ಬೇಳೆ ಹೊತ್ತು ಹೊರಡುತ್ತೇವೆ. ಊರಿಗೆ ಊರೇ ನೋಡುತ್ತದೆ. ನೋಡಿದವರು ಸುಮ್ಮನಿರುತ್ತಾರೆಯೇ? ಸಾವಕಾರರ ಹತ್ತಿರ ಪಗಾರಕ್ಕೆ ರೊಕ್ಕ ಇಲ್ಲವಂತೆ, ಮಾಲು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾರಂತೆ, ಮಿಲ್ಲು ಮುಳುಗುತ್ತದಂತೆ ಎಂದು ಗುಲ್ಲು ಎದ್ದಿದೆ. ನಾನು ಹಬ್ಬಿಸಿದ್ದಲ್ಲ, ಆಣೆ ಮಾಡುತ್ತೇನೆ. ಭಾತಂಬ್ರಾದ ರೈತರು ಪ್ರತಿ ವರ್ಷ ತೊಗರಿ ಇಳಿಸಿ ಹೋಗಿ ತಿಂಗಳು ಬಿಟ್ಟು ದುಡ್ಡು ಒಯ್ಯುತ್ತಿದ್ದವರು, ಈ ಸಲ ಟ್ರ್ಯಾಕ್ಟರಿನಿಂದ ಚೀಲ ಇಳಿಸುತ್ತಲೇ ಇಲ್ಲ. "ಮೊದಲ ರೊಕ್ಕ ಎಣಸ್ರಿ, ಆಮ್ಯಾಲ ಚೀಲ ಇಳಸ್ತೇವಿ" ಅನ್ನುತ್ತಾರೆ. ಅಮಿತಕುಮಾರ ಫೋನ್ ತೋರಿಸಿ ಬ್ಯಾಂಕಿನಲ್ಲಿ ಇಷ್ಟಿದೆ, ಅಷ್ಟಿದೆ ಎಂದು ಹೇಳುತ್ತ ಒಬ್ಬೊಬ್ಬರ ಹಿಂದೆ ಓಡಾಡುತ್ತಿದ್ದಾನೆ. ಫೋನಿನಲ್ಲಿ ಕಾಣುವ ರೊಕ್ಕವನ್ನು ಯಾರೂ ನಂಬುತ್ತಿಲ್ಲ.

ನಿನ್ನೆ ಸಾವಕಾರರ ಮನೆಯಿಂದ ಅವರ ಹೆಂಡತಿ ದಾನಮ್ಮ ಅಕ್ಕನವರು ಹೇಳಿಕಳಿಸಿದ್ದರು. ಚಹಾ ಕೊಟ್ಟು, "ಮಂದಿ ಆಡಿಕೋತಾರ ಕಾಂತಾಬಾಯಿ, ನಮ್ಮ ಮರ್ಯಾದಿ ನಿನ್ನ ತಲಿ ಮ್ಯಾಲ ಹೊಂಟದ" ಎಂದರು. "ನನ್ನ ತಲಿ ಮ್ಯಾಲ ಇರೂದು ಬ್ಯಾಳಿ ಅಕ್ಕನವರ, ಇಳಸಲಾಕ ನಾ ತಯಾರದೇನಿ" ಎಂದು ಹೇಳಿ ಬಂದೆ. ಏನಾಗುತ್ತದೋ ನೋಡಬೇಕು. ಕೆಲಸದಿಂದ ತೆಗೆದರೆ ತೆಗೆಯಲಿ.

ಬರೆ.

ಮೌಶಿ


ಔರಾದ
೩ ಏಪ್ರಿಲ್ ೨೦೨೫

ಮೌಶಿಗೆ,

ಈ ಪತ್ರವನ್ನು ಪೋಸ್ಟಿಗೆ ಹಾಕಿಲ್ಲ. ಕ್ರೂಸರ್ ಗಾಡಿ ಓಡಿಸುವ ಚಾಂದ ಪಾಶಾ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗಿರುವ ಬಟ್ಟೆಯ ಗಂಟನ್ನು ಒಬ್ಬಳೇ ಇದ್ದಾಗ ಬಿಚ್ಚು.

ನಾನು ಸಿಟ್ಟಾಗಿರಲಿಲ್ಲ. ನಿನ್ನ ಪತ್ರವನ್ನು ನಾನು ಎಷ್ಟು ಸಲ ಓದಿದೆನೋ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಬ್ಯಾಂಕಿನ ವ್ಯವಹಾರವನ್ನೆಲ್ಲ ಅಶ್ವಜಿತ ಅವರೇ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೆ. ಅದು ಹೇಗೆಂದು ಬರೆದಿರಲಿಲ್ಲ. ಸಂಬಳದ ಮೆಸೇಜು ಹೋಗುವುದು ಅವರ ಫೋನಿಗೆ. ಎಟಿಎಂ ಕಾರ್ಡ್ ಇರುವುದು ಅವರ ಪಾಕೀಟಿನಲ್ಲಿ. ಬಸ್ಸಿಲ್ಲದ ಹಳ್ಳಿಗೆ ಹೋಗುವ ದಿನ ನಾನು ಆಟೋ ಚಾರ್ಜಿಗೆ ಅವರ ಮುಂದೆ ನಿಲ್ಲಬೇಕು. "ಯಾವ ಊರಿಗಿ?" "ಎಷ್ಟಾಗ್ತದ?" "ನಿನ್ನೀದು ಉಳದಿಲ್ಲೇನು?" ಸೀರೆ ಏಕೆ ಬರಲಿಲ್ಲ, ನಾನು ಏಕೆ ಬರಲಿಲ್ಲ, ಈಗ ನಿನಗೆ ತಿಳಿಯಿತಲ್ಲ. ಅವರು ಹೊಡೆಯುವವರಲ್ಲ, ಕುಡಿಯುವವರಲ್ಲ. ಮನೆ ಚೆನ್ನಾಗಿಯೇ ನಡೆಸುತ್ತಾರೆ. ಅದಕ್ಕೇ ಬಾಯಿ ಬಿಡಲು ಇನ್ನಷ್ಟು ನಾಚಿಕೆ.

ಇನ್ನೊಂದಿದೆ. ಖಾತೆ ತೆಗೆಸುವಾಗ ನಾನೂ ಹಾಗೇ ಕೇಳುತ್ತೇನೆ ಮೌಶಿ. "ಮನ್ಯಾಗ ಯಾರ ನಂಬರ್ ಹಾಕ್ಲಿರಿ?" ಗಂಡನದು, ಮಗನದು, ಮೈದುನನದು. ಹೆಂಗಸರಿಗೆ ಫೋನ್ ಇದ್ದರೂ ಕೇಳುವುದು ಅದನ್ನೇ. ನಾಲಗೆಗೆ ರೂಢಿಯಾಗಿಬಿಟ್ಟಿದೆ. ಹೋದ ವಾರ ಒಂದು ಮನೆಯಲ್ಲಿ ಸುಮನ ಎನ್ನುವ ಹುಡುಗಿ, ಹೊಸದಾಗಿ ಮದುವೆಯಾದವಳು, ಬೆರಳು ಮಷಿನ್ ಮೇಲಿಟ್ಟು ಕೂತಿದ್ದಳು. ಆ ಪ್ರಶ್ನೆ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಅವಳ ಗಂಡ ನಂಬರ್ ಹೇಳುತ್ತಲೇ ಇದ್ದ. ನಾನು "ನೆಟ್‌ವರ್ಕ್ ಇಲ್ಲರಿ, ನಾಳಿ ಬರ್ತೇನಿ" ಎಂದು ಸುಳ್ಳು ಹೇಳಿ ಎದ್ದು ಬಂದೆ. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ಗಂಟಿನ ವಿಷಯಕ್ಕೆ ಬರುತ್ತೇನೆ. ಕ್ಯಾಂಪಿನ ಭತ್ಯೆ ಈ ಸಲ ಕೈಗೇ ಕೊಟ್ಟರು. ಇವರಿಗೆ ಹೇಳಿಲ್ಲ. ಅದು ನಿನ್ನ ಹತ್ತಿರ ಇರಲಿ. ಪ್ರತಿ ತಿಂಗಳು ಹೇಗಾದರೂ ಉಳಿಸಿ ಕಳಿಸುತ್ತೇನೆ. ತಾಲೂಕಿಗೆಲ್ಲ ಖಾತೆ ತೆಗೆಸುವವಳು ಖಾತೆಯೇ ಇಲ್ಲದವಳ ಹತ್ತಿರ ದುಡ್ಡು ಇಡುತ್ತಿದ್ದೇನೆ. ನಗಬೇಡ.

ಮಹಾಮಾಯಾ


ಭಾಲ್ಕಿ
೮ ಏಪ್ರಿಲ್ ೨೦೨೫

ಮಗಳೇ,

ನಗಲಿಲ್ಲ. ನಿನ್ನನ್ನು ಜಂಬದವಳು, ಕೈಬಿಗಿಯವಳು ಎಂದು ತಿಳಿದಿದ್ದೆ. ಸೀರೆಯ ಮೇಲೆ ಆಡಿಕೊಂಡದ್ದು ನೆನೆದರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಆದರೂ ನಿನ್ನ ಗಂಟನ್ನು ಬಿಚ್ಚದೆ ಹಾಗೇ ಚಾಂದ ಪಾಶಾನ ಕೈಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ನಾನು ನಿನ್ನ ಬ್ಯಾಂಕಲ್ಲ.

ನನ್ನ ಮಾತನ್ನು ನೀನು ತಪ್ಪು ತಿಳಿದೆ. ನಾನು ಹಣ ಬಚ್ಚಿಟ್ಟುಕೊಂಡವಳಲ್ಲ. ಕಾಂತಾಬಾಯಿಯ ಟ್ರಂಕಿನಲ್ಲಿ ರೊಕ್ಕ ಇದೆ ಎಂದು ನಮ್ಮ ಓಣಿಯ ಕೂಸಿಗೂ ಗೊತ್ತು. ಗೋರಖನಾಥ ಭಾವನಿಗೂ ಗೊತ್ತು. ಹೋದ ವರ್ಷ ಬಂದು ಕೇಳಿದ. "ಅದ, ಕೊಡಲ್ಲ" ಎಂದೆ. ಇಲ್ಲ ಅನ್ನುವುದಕ್ಕಿಂತ ಅದು ಹೇಳಲು ಕಷ್ಟ, ಆದರೆ ಒಂದು ಸಲ ಹೇಳಿದರೆ ಸಾಕು, ಎರಡನೇ ಸಲ ಯಾರೂ ಕೇಳುವುದಿಲ್ಲ. ನೀನು ಸ್ವಂತ ದುಡಿಮೆಯನ್ನು ಕದ್ದ ಮಾಲಿನಂತೆ ಗಂಟು ಕಟ್ಟಿ ಕಳಿಸುತ್ತೀಯಲ್ಲ, ನಿನ್ನ ಮನೆಯಲ್ಲಿ ಕಳ್ಳಿ ಯಾರು? ಇವತ್ತು ಬಚ್ಚಿಟ್ಟರೆ ಸಾಯುವವರೆಗೆ ಬಚ್ಚಿಡಬೇಕಾಗುತ್ತದೆ.

ನನಗೆ ಖಾತೆ ಬೇಡ, ಬೇಡವೆಂದು ಎಲ್ಲರ ಎದುರು ಹೇಳಿದೆ. ನಿನಗೆ ಖಾತೆ ಬೇಕು, ನಿನ್ನ ನೌಕರಿಯೇ ಅದು. ಹಾಗಾದರೆ ಅದು ನಿನ್ನದಾಗಿರಲಿ. ನಂಬರ್ ಬದಲಿಸುವುದು ಹೇಗೆಂದು ನಿನಗೆ ಗೊತ್ತು, ನನ್ನನ್ನು ಕೇಳಬೇಡ. ಜಗಳವಾಗುತ್ತದೆ. ಮಾಡು. ನಿನಗೆ ಜಗಳ ಬರುವುದಿಲ್ಲ ಎನ್ನಬೇಡ, ನನಗೆ ಬರೆದ ಮೊದಲಿನೆರಡು ಪತ್ರ ತೆಗೆದು ಓದಿಕೋ.

ಇನ್ನು ಮಿಲ್ಲಿನ ಸುದ್ದಿ. ಹೋದ ಶನಿವಾರ ಸಾವಕಾರರು ಅಂಗಳದ ನಡುವೆ ಮೇಜು ಹಾಕಿಸಿದರು. ತೊಗರಿ ತಂದ ರೈತರೆಲ್ಲ ಟ್ರ್ಯಾಕ್ಟರ್ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಕಾಣಲೆಂದೇ ಮೇಜು. ನೋಟಿನ ಕಟ್ಟು ಇಟ್ಟುಕೊಂಡು, "ಯಾರಿಗಿ ಕೈಯಾಗ ಬೇಕು, ಬರ್ರಿ" ಎಂದು ಕೂಗಿದರು. "ಆಡಿಟರ್ ಏನಂತಾನ್ರಿ?" ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ. ಸಾವಕಾರರು ಮಗನ ಕಡೆ ನೋಡಿದರು. ಆಡಿಟರನ್ನು ಸಾವಕಾರರೇ ಹೋಗಿ ಕೇಳಿದ್ದರಂತೆ. ದೊಡ್ಡ ಮೊತ್ತಕ್ಕೆ ನಗದು ಬೇಡ ಎಂದಿದ್ದೆ, ಹೆಂಗಸರ ವಾರದ ಪಗಾರಕ್ಕೆ ನಾನೆಲ್ಲಿ ಬೇಡವೆಂದೆ ಎಂದನಂತೆ ಆಡಿಟರ್. ಒಂದು ಗುಂಡಿ ಒತ್ತಿದರೆ ಎಲ್ಲರ ಪಗಾರ ಮುಗಿಯುತ್ತದಲ್ಲ ಎಂದು ಅಮಿತಕುಮಾರನೇ ಮಾತು ಬೆಳೆಸಿದ್ದು. ಪಾಪ, ಅವನ ಮುಖ ನೋಡಲಾಗಲಿಲ್ಲ.

ಮೊದಲು ನನ್ನ ಹೆಸರು ಕರೆದರು. ಎಣಿಸಿಕೊಂಡೆ, ಸೊಂಟದ ಚೀಲಕ್ಕೆ ಸೇರಿಸಿದೆ. ಖಾತೆಗೇ ಇರಲಿ ಎಂದವರಿಗೆ ಖಾತೆಗೆ ಹೋಯಿತು, ಅವರೂ ನಮ್ಮವರೇ. ಬೇಡವೆಂದ ನಮ್ಮನ್ನು ಯಾರೂ ಕೆಲಸ ಬಿಡಿಸಲಿಲ್ಲ.

ಭೀಮ ಜಯಂತಿಗೆ ಬಾ. ಬರಿಗೈಯಲ್ಲೇ ಬಾ.

ಮೌಶಿ


ಔರಾದ
೫ ಮೇ ೨೦೨೫

ಮೌಶಿಗೆ,

ಜಯಂತಿಗೆ ಬರಲಿಲ್ಲ. ಬಂದಿದ್ದರೆ ನಿನ್ನ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಹೊತ್ತಿಗೆ ನಾನು ಏನೂ ಮಾಡಿರಲಿಲ್ಲ. ನೀನು ಹಿಂದಕ್ಕೆ ಕಳಿಸಿದ ಗಂಟಿನಿಂದ ಮೊದಲು ಒಂದು ಸಿಮ್ ಕೊಂಡೆ. ಆಫೀಸಿನ ಫೋನು ಆಫೀಸಿನದು, ಅದರ ನಂಬರ್ ನನ್ನದಲ್ಲ. ಬ್ಯಾಂಕಿನಲ್ಲಿ ಫಾರ್ಮ್ ಕೊಟ್ಟಾಗ ಒಳಗಿನವರು ದಿನಾ ನೋಡುವ ಮುಖವಾದ್ದರಿಂದ ನಕ್ಕು, "ನಿಮ್ಮದೇ ತಪ್ಪ ನಂಬರ್ ಇತ್ತೇನ್ರಿ ಮೇಡಂ?" ಎಂದರು. "ಹೌದರಿ, ತಪ್ಪಿತ್ತು" ಎಂದೆ. ಹಳೆಯ ಎಟಿಎಂ ಕಾರ್ಡ್ ಬಂದ್ ಮಾಡಿಸಿ ಹೊಸದಕ್ಕೂ ಬರೆದುಕೊಟ್ಟೆ.

ಸುಮನಳ ಮನೆಗೂ ಹೋದೆ. ಈ ಸಲ ಅವಳ ಮುಖ ನೋಡಿಯೇ ಕೇಳಿದೆ, "ನಿನ್ನ ನಂಬರ್ ಹೇಳವ್ವಾ." ಗಂಡ ಏನೋ ಹೇಳಲು ಬಂದ. "ಖಾತಿ ಆಕೀದರಿ" ಎಂದೆ. ಅವಳು ಮೆಲ್ಲಗೆ ಒಂದೊಂದೇ ಅಂಕಿ ಹೇಳಿದಳು, ಬಾಯಿಪಾಠ ಇತ್ತು. ಈಗ ಎಲ್ಲ ಕಡೆಗೂ ಹಾಗೇ ಕೇಳುತ್ತೇನೆ. ಎರಡು ಊರಿನಿಂದ ನನ್ನ ಮೇಲೆ ತಕರಾರು ಹೋಗಿದೆ. ಹೋಗಲಿ.

ನಿನ್ನ ಖಾತೆಯ ವಿಷಯವನ್ನು ನಮ್ಮ ಮೇಲಿನವರಿಗೂ ಹೇಳಿಬಿಟ್ಟೆ. "ನಮ್ಮ ಮೌಶಿದು ಆಗಿಲ್ಲರಿ, ಆಕಿಗಿ ಬ್ಯಾಡ" ಎಂದೆ. ಹಾಗೆಂದರೇನು ಎಂದರು. ಅವರ ಹತ್ತಿರ ಕಾಗದಪತ್ರ ಇಲ್ಲದವರಿಗೆ, ತಿಳಿವಳಿಕೆ ಇಲ್ಲದವರಿಗೆ ಲೆಕ್ಕವಿದೆ. ಬೇಡ ಅನ್ನುವವರಿಗೆ ಇಲ್ಲ.

ಹೋದ ಶುಕ್ರವಾರ ಸಂಬಳ ಬಿತ್ತು. ಒಂದು ಅಂಗನವಾಡಿಯ ಪಡಸಾಲೆಯಲ್ಲಿ ಕೂತಿದ್ದಾಗ ನನ್ನ ಬ್ಯಾಗಿನೊಳಗೆ ಫೋನು ಒಂದು ಸಲ ನಡುಗಿತು. ತೆಗೆದು ನೋಡಿದೆ. ಮೂರು ವರ್ಷ ದುಡಿದ ಮೇಲೆ ನನ್ನ ಸಂಬಳವನ್ನು ನಾನು ಮೊದಲ ಸಲ ಓದಿದೆ. ಎಷ್ಟು ಸಲ ಓದಿದೆನೆಂದರೆ, ಕೆಟ್ಟ ಸುದ್ದಿ ಬಂದಿದೆಯೆಂದು ಪಕ್ಕದಲ್ಲಿದ್ದವಳು ನೀರು ತಂದುಕೊಟ್ಟಳು.

ಎರಡು ದಿನ ಇವರು ಫೋನ್ ತೆಗೆದು ನೋಡುವುದು, ಇಡುವುದು ಮಾಡಿದರು. ನಿನ್ನೆ ಊಟಕ್ಕೆ ಕೂತಾಗ ಅತ್ತೆಯವರ ಎದುರಿಗೇ ಕೇಳಿದರು.

"ಈ ತಿಂಗಳ ಪಗಾರ ಇನ್ನೂ ಬಂದಿಲ್ಲೇನು?"

"ಬಂದದರಿ."

"ನನಗ ಮೆಸೇಜ್ ಬಂದಿಲ್ಲಲಾ?"

ಕೈಯಲ್ಲಿದ್ದ ರೊಟ್ಟಿಯನ್ನು ಅವರ ತಾಟಿಗೆ ಹಾಕಿದೆ.

"ನನಗ ಬಂದದರಿ."

ಮಹಾಮಾಯಾ